ಅಂಚೆಚೀಲದೊಳಗಿನ ಜೇನು, ವಜ್ರ, ಸಿಡುಬು

1905ರ ಜನವರಿಯಲ್ಲಿ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿ 3,106 ಕ್ಯಾರೆಟ್ ತೂಕದ ವಜ್ರ ಸಿಕ್ಕಿತು. ಕಲಿನನ್ ಎಂದು ಹೆಸರಾದ ಆ ಕಲ್ಲನ್ನು ಲಂಡನ್ನಿಗೆ ಸಾಗಿಸಬೇಕಿತ್ತು. ಪತ್ತೇದಾರರ ಕಾವಲಿನಲ್ಲಿ ಒಂದು ಪೆಟ್ಟಿಗೆ ಹಡಗೇರಿತು. ಕಪ್ತಾನನ ತಿಜೋರಿಯಲ್ಲಿ ಅದನ್ನಿಟ್ಟು ಬೀಗ ಹಾಕಲಾಯಿತು. ಆದರೆ ಅದರೊಳಗಿದ್ದದ್ದು ನಕಲಿ ಕಲ್ಲು. ಅಸಲಿ ವಜ್ರ ಸಾದಾ ಡಬ್ಬಿಯೊಂದರಲ್ಲಿ, ರಿಜಿಸ್ಟರ್ಡ್ ಪಾರ್ಸೆಲ್ ಆಗಿ, ಎಲ್ಲರ ಅಂಚೆಯ ಜೊತೆಗೆ ಸದ್ದಿಲ್ಲದೆ ಲಂಡನ್ ತಲುಪಿತು. ಅರ್ಧ ಶತಮಾನದ ಬಳಿಕ, 1958ರ ನವೆಂಬರಿನಲ್ಲಿ, ನ್ಯೂಯಾರ್ಕಿನ ವಜ್ರವ್ಯಾಪಾರಿ ಹ್ಯಾರಿ ವಿನ್‌ಸ್ಟನ್ ಗೋಲ್ಕೊಂಡ ಸೀಮೆಯ ಗಣಿಯಿಂದ ಹೊರಟಿದ್ದ ಹೋಪ್ ವಜ್ರವನ್ನು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ದಾನ ಮಾಡಿದಾಗಲೂ ನೆಚ್ಚಿದ್ದು ಅಂಚೆಯನ್ನೇ. ಕಂದುಕಾಗದದ ಆ ಕಟ್ಟಿಗೆ ತಗುಲಿದ ವೆಚ್ಚ 145 ಡಾಲರ್ 29 ಸೆಂಟ್. ಅದರಲ್ಲಿ ಅಂಚೆವೆಚ್ಚ ಬರೀ 2 ಡಾಲರ್ 44 ಸೆಂಟ್. ಮಿಕ್ಕದ್ದೆಲ್ಲ ಹತ್ತು ಲಕ್ಷ ಡಾಲರಿನ ವಿಮೆಗೆ.

ಇಂಥ ಕಥೆಗಳು ಕೇಳಲು ಸೊಗಸು. ಆದರೆ ಅಂಚೆಯ ಮಟ್ಟಿಗೆ ವಜ್ರ ಬಲು ಸಾಧು ವಸ್ತು. ಅದು ಒಡೆಯುವುದಿಲ್ಲ, ಸೋರುವುದಿಲ್ಲ, ಕೊಳೆಯುವುದಿಲ್ಲ, ಕಚ್ಚುವುದಿಲ್ಲ. ಅದಕ್ಕಿರುವುದು ಕಳ್ಳನ ಭಯ ಮಾತ್ರ. ಕಳ್ಳನಿಗೆ ಅಂಚೆ ಇಲಾಖೆ ಹಿಂದೆಯೇ ಉಪಾಯ ಕಂಡುಕೊಂಡಿತ್ತು. ಭಾರತದಲ್ಲಿ 1878ರ ಹೊತ್ತಿಗೆ ಅಂಚೆ ವಿಮೆ ಬಂತು. ನಾಣ್ಯ, ಚಿನ್ನ, ಆಭರಣಗಳನ್ನು ವಿಮೆಯಿಲ್ಲದೆ ಕಳುಹಿಸಕೂಡದೆಂಬ ನಿಯಮವೂ ಬಂತು. ಬಟ್ಟೆ ಹೊಲಿದ ಪೊಟ್ಟಣದ ಪ್ರತಿ ಹೊಲಿಗೆಯ ಮೇಲೂ ಒಂದೇ ಬಣ್ಣದ ಅರಗು, ಪ್ರತಿ ಅರಗಿನ ಮೇಲೂ ಕಳುಹಿಸುವವನ ಒಂದೇ ಮುದ್ರೆ. ಮುದ್ರೆ ಬಿರುಕು ಬಿಟ್ಟಿದ್ದರೆ ಎಲ್ಲಿ, ಯಾರ ಕೈಯಲ್ಲಿ ಬಿಟ್ಟಿತು ಎಂದು ಹುಡುಕಬಹುದು. ನಿಜವಾದ ಕಷ್ಟ ಬೇರೆಯದು. ಪೊಟ್ಟಣದಿಂದ ಹೊರಗಿನವರಿಗೆ ಅಪಾಯವಿದ್ದಾಗ ಏನು ಮಾಡಬೇಕು? ಚೀಲ ಹೊರುವ ಮನುಷ್ಯನನ್ನು ಯಾವ ಅರಗು ಕಾಯುತ್ತದೆ?

1898ರ ಭಾರತೀಯ ಅಂಚೆ ಕಚೇರಿ ಕಾಯಿದೆಯ 19ನೇ ಪ್ರಕರಣ ಈ ಪ್ರಶ್ನೆಗೆ ಕೊಟ್ಟ ಉತ್ತರ. ಸ್ಫೋಟಕ, ಅಪಾಯಕಾರಿ, ಹೊಲಸಾದ, ಹಾನಿಕರವಾದ ಯಾವ ವಸ್ತುವನ್ನೂ, ಸರಿಯಾಗಿ ಮುಚ್ಚಿರದ ಹರಿತವಾದ ಆಯುಧವನ್ನೂ, ಉಳಿದ ಅಂಚೆಗಾಗಲಿ ಅಂಚೆ ನೌಕರನಿಗಾಗಲಿ ಕೆಡುಕು ಮಾಡಬಲ್ಲ ಜೀವಿಯನ್ನೂ ಅಂಚೆಯಲ್ಲಿ ಕಳುಹಿಸಕೂಡದು ಎಂದು ಅದು ವಿಧಿಸಿತು. ಇಷ್ಟೇ ಆಗಿದ್ದರೆ ಹೇಳುವುದಕ್ಕೆ ಹೆಚ್ಚೇನೂ ಇರುತ್ತಿರಲಿಲ್ಲ. ಆದರೆ ಆ ವಾಕ್ಯ ತೊಡಗುವುದೇ ‘ನಿಯಮಗಳಲ್ಲಿ ಬೇರೆ ರೀತಿ ಹೇಳಿರುವುದನ್ನು ಬಿಟ್ಟು’ ಎಂಬರ್ಥದ ಮಾತಿನಿಂದ. ಕಾನೂನು ಬಾಗಿಲು ಹಾಕಿತು, ಆದರೆ ಚಿಲಕ ಹಾಕಲಿಲ್ಲ. ಆ ಬಾಗಿಲಿನಿಂದ ನುಸುಳಿ ಹೋದ ವಸ್ತುಗಳು ಒಂದೆರಡಲ್ಲ. ಅವು ನುಸುಳದೇ ಇದ್ದಿದ್ದರೆ ಸಾಯುತ್ತಿದ್ದವರೂ ಒಬ್ಬಿಬ್ಬರಲ್ಲ.

ಕಾಯಿದೆ ಬರುವ ಮೊದಲೂ ಅಂಚೆಯೆಂದರೆ ಮನುಷ್ಯನ ಮೈಯೇ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ತೊಡಗಿಸಿದ ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಗುವವರೆಗೆ ಕಾಲ್ನಡಿಗೆಯ ಓಟಗಾರರನ್ನೇ ನಂಬಿತ್ತು. (‘ಅಂಚೆ’ ಎಂಬುದು ‘ಹಂಸ’ದ ತದ್ಭವವೆಂದೂ, ನಳದಮಯಂತಿಯರ ನಡುವೆ ಸುದ್ದಿ ಒಯ್ದ ಹಕ್ಕಿಯಿಂದ ಓಲೆಯ ವ್ಯವಸ್ಥೆಗೆ ಈ ಹೆಸರು ಬಂದಿತೆಂದೂ ಹೇಳುವುದುಂಟು.) ಬ್ರಿಟಿಷರ ಸೀಮೆಯಲ್ಲಿ ಪತ್ರಗಳದ್ದು ಒಂದು ದಾರಿಯಾದರೆ ಭಾರದ ಕಟ್ಟುಗಳದ್ದು ಇನ್ನೊಂದು. ಬಿದಿರಿನ ಅಡ್ಡೆಗೆ ಎರಡು ಬುಟ್ಟಿ ತೂಗಿಸಿ ಕಾವಡಿಯಂತೆ ಹೊತ್ತೊಯ್ಯುವ ಈ ವ್ಯವಸ್ಥೆಗೆ ‘ಬಂಗಿ’ ಟಪಾಲು ಎಂದು ಹೆಸರು. ಹೊತ್ತವನ ಹೆಗಲಿಗೂ ಬುಟ್ಟಿಯೊಳಗಿನ ಸೀಸೆಗೂ ನಡುವೆ ಇದ್ದದ್ದು ಒಂದಿಷ್ಟು ಹುಲ್ಲು. ಸೀಸೆ ಒಡೆದರೆ ಅದರಲ್ಲಿದ್ದದ್ದು ಅವನ ಮೈಮೇಲೆಯೇ.

ಹೀಗೆ ಸಾಗಿದ ವಸ್ತುಗಳಲ್ಲಿ ಅತ್ಯಂತ ವಿಚಿತ್ರವಾದದ್ದು, ಅತ್ಯಂತ ಬೆಲೆಯುಳ್ಳದ್ದೂ ಹೌದು, ಸಿಡುಬಿನ ಲಸಿಕೆ. ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿನ ಸಿಡುಬಿನ ರಸವನ್ನು ಹುಡುಗನೊಬ್ಬನ ತೋಳಿಗೆ ಹಚ್ಚಿ, ಅದು ಮನುಷ್ಯರ ಸಿಡುಬನ್ನು ತಡೆಯುತ್ತದೆಂದು ತೋರಿಸಿದ. ಎರಡು ವರ್ಷಗಳ ನಂತರ ಪುಸ್ತಕ ಪ್ರಕಟಿಸಿದ. ಲೋಕವೆಲ್ಲ ಆ ರಸವನ್ನು ಕೇಳತೊಡಗಿತು. ಆದರೆ ಅದು ಜೀವಂತ ವಸ್ತು. ಒಣಗಿದರೆ ಸೊರಗುತ್ತದೆ, ಬಿಸಿಲಿಗೆ ಸಾಯುತ್ತದೆ. ದಾರಕ್ಕೆ ಅದ್ದಿ ಒಣಗಿಸಿ ಲಕೋಟೆಯಲ್ಲಿ ಕಳುಹಿಸಿದರು. ಎರಡು ಗಾಜಿನ ತುಂಡುಗಳ ನಡುವೆ ಇಟ್ಟು ಅಂಚನ್ನು ಮೇಣದಿಂದ ಮುಚ್ಚಿದರು. ಲಂಡನ್ನಿನಿಂದ ಎಡಿನ್‌ಬರೋಗೆ ಇದು ಸಾಕು. ಆಫ್ರಿಕವನ್ನು ಬಳಸಿಕೊಂಡು ಭಾರತಕ್ಕೆ ಬರುವ ಹಡಗಿನಲ್ಲಿ ತಿಂಗಳುಗಟ್ಟಲೆ ಬೆಂದು ಬಂದ ರಸ ಮಾತ್ರ ಒಂದಕ್ಕೂ ಬಾರದೆ ಹೋಗುತ್ತಿತ್ತು.

ದಾರಿ ಕಂಡುಹಿಡಿದವನು ವಿಯೆನ್ನಾದ ವೈದ್ಯ ಜೀನ್ ದ ಕಾರೋ. ಅವನ ಪೊಟ್ಟಣ ಕಟ್ಟುವ ರೀತಿ ಇಂದಿನ ನಿಯಮಪುಸ್ತಕಗಳಿಗೂ ಮಾದರಿಯಾಗುವಂಥದು. ರಸದಲ್ಲಿ ನೆನೆಸಿದ ನೂಲಿನ ಎಳೆಗಳನ್ನು ಗಾಜಿನ ಎರಡು ಬಿಲ್ಲೆಗಳ ನಡುವೆ ಇಟ್ಟು, ಅಂಚು ಬೆಸೆದು, ಆ ಜೋಡಿಯನ್ನು ಕರಗಿದ ಮೇಣದಲ್ಲಿ ಮತ್ತೆ ಮತ್ತೆ ಅದ್ದಿ ಗಟ್ಟಿ ಉಂಡೆ ಮಾಡಿದ; ಆ ಉಂಡೆಯನ್ನು ಕಾಗದದ ಚೂರು ತುಂಬಿದ ಪೆಟ್ಟಿಗೆಯಲ್ಲಿರಿಸಿದ. ಕಾನ್‌ಸ್ಟಾಂಟಿನೋಪಲ್ ಮಾರ್ಗವಾಗಿ ಮರುಭೂಮಿ ದಾಟಿ ಅದು 1802ರಲ್ಲಿ ಬಾಗ್ದಾದ್ ತಲುಪಿದಾಗ ಒಳಗಿನ ರಸ ಇನ್ನೂ ಹಸಿಯಾಗಿತ್ತು. ಅಲ್ಲಿಂದ ತೋಳಿನಿಂದ ತೋಳಿಗೆ ದಾಟಿಸುತ್ತ ಬಸ್ರಾ, ಬಸ್ರಾದಿಂದ ಹಡಗಿನಲ್ಲಿ ಮುಂಬಯಿ. ಅಲ್ಲಿ ಹಲವರಿಗೆ ಹಚ್ಚಿ ನೋಡಿದರೂ ಒಬ್ಬಳಿಗೆ ಮಾತ್ರ ಹಿಡಿಯಿತು. ಅವಳು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗು. ದಿನ 1802ರ ಜೂನ್ 14. ಪುಣೆ, ಸೂರತ್, ಹೈದರಾಬಾದ್, ಮದರಾಸುಗಳಿಗೆ ಹರಡಿದ ಲಸಿಕೆಯೆಲ್ಲ ಆ ಒಂದು ಪುಟ್ಟ ತೋಳಿನಿಂದ ಹೊರಟದ್ದು.

ತೋಳಿನಿಂದ ತೋಳಿಗೆ ಎಂದರೆ ಏನರ್ಥ? ಒಬ್ಬ ಮಗುವಿಗೆ ರಸ ಹಚ್ಚಬೇಕು, ಎಂಟು ದಿನಕ್ಕೆ ಗುಳ್ಳೆ ಬಲಿಯಬೇಕು, ಅದನ್ನು ಚುಚ್ಚಿ ಇನ್ನೊಂದು ಮಗುವಿಗೆ ಹಚ್ಚಬೇಕು. ಸರಪಳಿ ಒಂದು ಕಡೆ ತುಂಡಾದರೆ ಎಲ್ಲವೂ ಮುಗಿಯಿತು. ಅಂದರೆ ಗಾಜಿನ ಪೊಟ್ಟಣ ಕೈಕೊಟ್ಟ ಕಡೆಯಲ್ಲೆಲ್ಲ ಮಕ್ಕಳ ಮೈಯೇ ಪೊಟ್ಟಣ. ಸ್ಪೇನಿನ ದೊರೆ ನಾಲ್ಕನೆಯ ಕಾರ್ಲೋಸ್ 1803ರಲ್ಲಿ ಅಮೆರಿಕದ ತನ್ನ ವಸಾಹತುಗಳಿಗೆ ಲಸಿಕೆ ಕಳುಹಿಸಿದ್ದು ಹೀಗೆಯೇ. ಬಾಲ್ಮಿಸ್ ಎಂಬ ವೈದ್ಯನ ಹಡಗಿನಲ್ಲಿ 22 ಮಂದಿ ಅನಾಥ ಬಾಲಕರಿದ್ದರು. ಒಂದೊಂದು ಸಲಕ್ಕೆ ಇಬ್ಬಿಬ್ಬರಿಗೆ ಲಸಿಕೆ ದಾಟಿಸುತ್ತ ಅಟ್ಲಾಂಟಿಕ್ ಸಾಗರವನ್ನು ದಾಟಿದರು. ಲಕ್ಷಾಂತರ ಜನರನ್ನು ಉಳಿಸಿದ ಈ ಯಾತ್ರೆಯನ್ನು ಮೆಚ್ಚುವಾಗ, ಆ ಹುಡುಗರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲವೆಂಬುದನ್ನೂ ನೆನೆಯಬೇಕಾಗುತ್ತದೆ.

ಮೈಸೂರಿಗೂ ಇದು ಬೇಗನೆ ಬಂತು. ಥಾಮಸ್ ಹಿಕಿ ಎಂಬ ಐರಿಷ್ ಕಲಾವಿದ 1805ರಲ್ಲಿ ಬರೆದ ಚಿತ್ರವೊಂದರಲ್ಲಿ ಮೈಸೂರು ಅರಮನೆಯ ಮೂವರು ಸ್ತ್ರೀಯರಿದ್ದಾರೆ. ಬಲಬದಿಗೆ ನಿಂತ ಎಳೆಯ ರಾಣಿ ಸೆರಗು ಸರಿಸಿ ತೋಳಿನತ್ತ ಬೆರಳು ತೋರುತ್ತಾಳೆ. ಅವಳು ಮುಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ದೇವಾಜಮ್ಮಣ್ಣಿಯೆಂದೂ, ತೋರಿಸುತ್ತಿರುವುದು ದೇವಿ ಹಾಕಿಸಿಕೊಂಡ ಜಾಗವನ್ನೆಂದೂ ಇತಿಹಾಸಕಾರ ನೈಜಲ್ ಚಾನ್ಸೆಲರ್ ವಾದಿಸಿದ್ದಾರೆ. ಅರಮನೆಯ ಹೆಣ್ಣುಮಗಳು ತೋಳು ತೋರಿಸಿ ನಿಲ್ಲುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ರಾಣಿಯೇ ಹಾಕಿಸಿಕೊಂಡಳೆಂದರೆ ಪ್ರಜೆಗಳ ಅಂಜಿಕೆ ಕಳೆಯಬಹುದೆಂಬ ಲೆಕ್ಕವೂ ಅದರ ಹಿಂದಿತ್ತು. ಅಂಜಿಕೆಗೆ ಕಾರಣಗಳೂ ಇದ್ದವು. ಯಾವ ಜಾತಿಯ ಮಗುವಿನ ತೋಳಿನ ರಸವೋ ತಮ್ಮ ಮಗುವಿನ ರಕ್ತಕ್ಕೆ ಸೇರುತ್ತದೆಂಬ ಅಳುಕು ಒಂದು. ಅದಕ್ಕಿಂತ ನಿಜವಾದದ್ದು, ತೋಳಿನಿಂದ ತೋಳಿಗೆ ಬೇರೆ ರೋಗಗಳೂ ದಾಟುತ್ತಿದ್ದುದು.

ಮಕ್ಕಳನ್ನು ಈ ಹೊರೆಯಿಂದ ಬಿಡಿಸಿದ್ದು ಕರುವಿನ ಮೈಯಲ್ಲಿ ರಸ ಬೆಳೆಸುವ ಪದ್ಧತಿ. ಅದರ ಜೊತೆಗೆ ಕೂದಲೆಳೆಯಂಥ ಗಾಜಿನ ನಳಿಗೆ. ರಸವನ್ನು ನಳಿಗೆಗೆ ಹೀರಿಸಿ, ಎರಡು ತುದಿಯನ್ನೂ ದೀಪದ ಜ್ವಾಲೆಗೆ ಹಿಡಿದು ಕರಗಿಸಿ ಮುಚ್ಚಿದರೆ ಗಾಳಿ ಸೋಕದು. ನಳಿಗೆಗಳನ್ನು ಹತ್ತಿಯಲ್ಲಿ ಸುತ್ತಿ ಮರದ ಪುಟ್ಟ ಡಬ್ಬಿಯಲ್ಲಿಟ್ಟರೆ ಅಂಚೆಯ ಏಟನ್ನು ತಡೆದುಕೊಳ್ಳುತ್ತವೆ. 1890ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕೋಪ್‌ಮನ್ ರಸಕ್ಕೆ ಗ್ಲಿಸರಿನ್ ಬೆರೆಸಿ ಬೇಡದ ಕ್ರಿಮಿಗಳನ್ನು ಕೊಂದ. ಮದರಾಸಿನಲ್ಲಿ ಡಬ್ಲ್ಯು. ಜಿ. ಕಿಂಗ್ ಕುರಿಯ ಉಣ್ಣೆಯ ಜಿಡ್ಡಾದ ಲ್ಯಾನೋಲಿನ್ ಬೆರೆಸಿ ದಕ್ಷಿಣದ ಸೆಕೆಗೆ ತಾಳುವ ಲಸಿಕೆ ಮಾಡಿದ. ಗಿಂಡಿಯ ಕಿಂಗ್ ಸಂಸ್ಥೆಗೆ ಹೆಸರು ಬಂದದ್ದು ಇವನಿಂದಲೇ. ಬೆಂಗಳೂರಿನಲ್ಲೂ ಲಸಿಕೆ ತಯಾರಾಗುತ್ತಿತ್ತು. ಜಾತಿಯ ಕಾರಣಕ್ಕೆ ತಿರುವಾಂಕೂರಿನಲ್ಲಿ ಸರ್ಕಾರಿ ಕೆಲಸ ಸಿಗದೆ ಮೈಸೂರು ಸೇವೆಗೆ ಬಂದ ಡಾ. ಪಲ್ಪು ಆ ಕೆಲಸದಲ್ಲಿದ್ದವರು. 1898ರ ಪ್ಲೇಗಿನಲ್ಲಿ ಬೆಂಗಳೂರಿನಲ್ಲಿ ದುಡಿದವರೂ ಅವರೇ. ಆದರೂ ಬೇಸಗೆ ಬಂತೆಂದರೆ ಲಸಿಕೆ ಸೊರಗುವುದು ತಪ್ಪಲಿಲ್ಲ. 1950ರ ದಶಕದಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯ ಲೆಸ್ಲಿ ಕೋಲಿಯರ್ ಹೆಪ್ಪುಗಟ್ಟಿಸಿ ಒಣಗಿಸಿದ ಪುಡಿಲಸಿಕೆಯನ್ನು ಹದಕ್ಕೆ ತಂದ ಮೇಲಷ್ಟೇ, ಐಸಿನ ಹಂಗಿಲ್ಲದೆ ತಿಂಗಳುಗಟ್ಟಲೆ ಉಳಿಯುವ ಲಸಿಕೆ ಹಳ್ಳಿಹಳ್ಳಿಗೂ ಹೋಗುವಂತಾಯಿತು.

ಆಮೇಲೆ ಸಾಗಣೆಯ ದಿಕ್ಕು ತಿರುಗಿದ್ದು ಕುತೂಹಲದ ಸಂಗತಿ. 1967ರಿಂದ ನಡೆದ ಸಿಡುಬು ನಿರ್ಮೂಲನ ಕಾರ್ಯದಲ್ಲಿ ಊರುಗಳಿಂದ ಹೊರಕ್ಕೆ ಹೊರಟದ್ದು ರೋಗಿಯ ಮೈಯಿಂದ ಉದುರಿದ ಹಕ್ಕಳೆ. ಅದು ಸಿಡುಬೋ ಸೀತಾಳೆಯೋ ಎಂದು ಖಚಿತವಾಗದೆ ರೋಗ ಹೋಯಿತೆಂದು ಸಾರುವಂತಿರಲಿಲ್ಲ. ಹಕ್ಕಳೆಯನ್ನು ತಿರುಪಿನ ಮುಚ್ಚಳದ ಸೀಸೆಯಲ್ಲಿ, ಸೀಸೆಯನ್ನು ಇನ್ನೊಂದು ಡಬ್ಬಿಯಲ್ಲಿ ಮುಚ್ಚಿ ಅಟ್ಲಾಂಟಾ ಮತ್ತು ಮಾಸ್ಕೊದ ಪ್ರಯೋಗಶಾಲೆಗಳಿಗೆ ಕಳುಹಿಸುತ್ತಿದ್ದರು. ಲೋಕದಿಂದ ಅಳಿಸಬೇಕಾದ ರೋಗವನ್ನು ಲೋಕ ಸುತ್ತಿಸಿಯೇ ಅಳಿಸಬೇಕಾಯಿತು. ಭಾರತದಲ್ಲಿ ಕೊನೆಯ ರೋಗಿ ಕಂಡದ್ದು 1975ರಲ್ಲಿ.

ಹುಚ್ಚುನಾಯಿಯ ಮಿದುಳಿಗೂ ಇಂಥದೇ ಪ್ರಯಾಣ. 1907ರಲ್ಲಿ ಕೂನೂರಿನಲ್ಲಿ ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆ ತೆರೆಯಿತು. ಕಚ್ಚಿದ ನಾಯಿಗೆ ನಿಜವಾಗಿ ಹುಚ್ಚು ಹಿಡಿದಿತ್ತೇ ಎಂದು ತಿಳಿಯಲು ಅದರ ಮಿದುಳಿನ ತುಂಡನ್ನು ಗ್ಲಿಸರಿನ್ನಿನಲ್ಲಿ ಮುಳುಗಿಸಿ ಪರೀಕ್ಷೆಗೆ ಕಳುಹಿಸುವುದು ರೂಢಿಯಾಯಿತು. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದಿನ ಯಾತನೆ ಬೇಕೇ ಬೇಡವೇ ಎಂಬುದು ಎಷ್ಟೋ ಸಲ ಆ ಸೀಸೆ ಒಡೆಯದೆ ತಲುಪಿತೇ ಎಂಬುದರ ಮೇಲೆ ನಿಂತಿರುತ್ತಿತ್ತು.

ಜೀವಂತ ಪ್ರಾಣಿಗಳ ಕಥೆ ಇದಕ್ಕಿಂತ ಹಗುರ. 1874ರಲ್ಲಿ ಬರ್ನ್ ನಗರದಲ್ಲಿ 22 ದೇಶಗಳು ಸೇರಿ ಕಟ್ಟಿದ ಒಕ್ಕೂಟವೇ ಈಗಿನ ವಿಶ್ವ ಅಂಚೆ ಒಕ್ಕೂಟ. ಭಾರತ ಅದನ್ನು ಸೇರಿದ್ದು 1876ರಲ್ಲಿ. ಜೀವಿಗಳನ್ನು ಅಂಚೆಯಲ್ಲಿ ಕಳುಹಿಸಬಾರದೆಂಬ ನಿಯಮಕ್ಕೆ ಅದರ ಒಪ್ಪಂದಗಳು ಕೊಟ್ಟ ವಿನಾಯಿತಿ ಮುಖ್ಯವಾಗಿ ಮೂರಕ್ಕೆ: ಜೇನುನೊಣ, ಜಿಗಣೆ, ರೇಷ್ಮೆಹುಳು. ಯಾವ ರಾಜತಾಂತ್ರಿಕನ ಬುದ್ಧಿಗೂ ಹೊಳೆಯದಂಥ ಈ ಪಟ್ಟಿ ಆ ಕಾಲದ ವೈದ್ಯನ, ರೈತನ, ನೇಕಾರನ ಅಗತ್ಯದಿಂದ ಹುಟ್ಟಿದ್ದು. ಇತ್ತೀಚೆಗೆ ಪ್ರಯೋಗಶಾಲೆಯ ಹಣ್ಣುನೊಣಕ್ಕೂ ಅದರಲ್ಲಿ ಜಾಗ ಸಿಕ್ಕಿದೆ.

ಇವುಗಳಲ್ಲಿ ಜೇನಿನ ರಾಣಿ ಪ್ರಯಾಣಿಸುವ ರೀತಿ ನೋಡಬೇಕಾದದ್ದು. ಅಮೆರಿಕದ ಫ್ರಾಂಕ್ ಬೆಂಟನ್ 1880ರ ದಶಕದಲ್ಲಿ ರೂಪಿಸಿದ ಪಂಜರ ಅಂಗೈಯಗಲದ ಮರದ ತುಂಡು. ಅದರಲ್ಲಿ ಸಾಲಾಗಿ ಕೊರೆದ ಮೂರು ಗುಂಡನೆಯ ಗುಳಿಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಮೇಲೆ ಸಣ್ಣ ತಂತಿಬಲೆ. ಒಂದು ಗುಳಿಯಲ್ಲಿ ಜೇನುತುಪ್ಪ ಮತ್ತು ಸಕ್ಕರೆಪುಡಿ ಕಲಸಿದ ಗಟ್ಟಿ ಕಣಕ, ಉಳಿದೆರಡರಲ್ಲಿ ರಾಣಿ ಮತ್ತು ಅವಳ ಎಂಟು ಹತ್ತು ಸೇವಕಿಯರು. ನೀರು ಇಟ್ಟರೆ ಚೆಲ್ಲುತ್ತದೆ, ಬರಿಯ ತುಪ್ಪ ಇಟ್ಟರೆ ಮೈಗಂಟಿ ಸಾಯುತ್ತವೆ. ಆದ್ದರಿಂದ ಈ ಕಣಕ. ಸೇವಕಿಯರು ಅದನ್ನು ತಿಂದು ರಾಣಿಗೆ ಉಣಿಸುತ್ತಾರೆ. ಊರು ತಲುಪಿದ ಮೇಲೆ ಪಂಜರವನ್ನು ಹಾಗೆಯೇ ಹೊಸ ಗೂಡಿನೊಳಗಿಟ್ಟರೆ, ಗೂಡಿನ ನೊಣಗಳು ಹೊರಗಿನಿಂದ ಕಣಕವನ್ನು ತಿನ್ನುತ್ತ ಬರುತ್ತವೆ. ಅಡ್ಡಗೋಡೆ ಕರಗುವಷ್ಟರಲ್ಲಿ ಹೊಸ ರಾಣಿಯ ವಾಸನೆ ಅವಕ್ಕೆ ರೂಢಿಯಾಗಿ, ಅವಳನ್ನು ಕೊಲ್ಲದೆ ಒಪ್ಪಿಕೊಳ್ಳುತ್ತವೆ. ಬುತ್ತಿಯೇ ಬೀಗ, ಬುತ್ತಿಯೇ ಬೀಗದ ಕೈ.

ಅಮೆರಿಕದಲ್ಲಿ 1918ರಿಂದ ಆ ದಿನವೇ ಮೊಟ್ಟೆಯೊಡೆದ ಕೋಳಿಮರಿಗಳೂ ಅಂಚೆಯಲ್ಲಿ ಹೋಗತೊಡಗಿದವು. ಹೊಟ್ಟೆಯೊಳಗೆ ಉಳಿದಿರುವ ಹಳದಿ ಲೋಳೆ ಮರಿಗೆ ಮೂರು ದಿನದ ಆಹಾರ. ನಿಸರ್ಗವೇ ಕಟ್ಟಿಕೊಟ್ಟ ಬುತ್ತಿ. ಅದಕ್ಕೆ ಕೆಲವು ವರ್ಷ ಮೊದಲು, 1913ರಲ್ಲಿ ಪಾರ್ಸೆಲ್ ಸೇವೆ ಹೊಸತಾಗಿ ಬಂದಾಗ, ರೈಲು ಟಿಕೆಟ್ಟಿಗಿಂತ ಅಗ್ಗವೆಂದು ಮಕ್ಕಳನ್ನೇ ಅಂಚೆಗೆ ಹಾಕಿದ ಕೆಲವರಿದ್ದರು! 1914ರಲ್ಲಿ ಐಡಹೊ ಪ್ರಾಂತದ ಹುಡುಗಿಯೊಬ್ಬಳು ಕೋಟಿನ ಮೇಲೆ 53 ಸೆಂಟಿನ ಅಂಚೆಚೀಟಿಯೊಂದಿಗೆ ಅಜ್ಜಿಯ ಮನೆ ತಲುಪಿದಳು. ಅಂಚೆ ಡಬ್ಬಿಯಲ್ಲಿ ಕೂಡಿಹಾಕಿದ್ದೇನೂ ಅಲ್ಲ. ರೈಲಿನ ಅಂಚೆಗಾಡಿಯಲ್ಲಿ ಜೊತೆಗಿದ್ದವನು ಆ ಇಲಾಖೆಯಲ್ಲೇ ದುಡಿಯುತ್ತಿದ್ದ ಅವಳ ಬಂಧು. ಸರ್ಕಾರ ಬೇಗನೆ ಇದನ್ನು ನಿಲ್ಲಿಸಿತು.

ಹಾನಿಯ ಉದ್ದೇಶದಿಂದಲೇ ಅಂಚೆಯನ್ನು ಬಳಸಿದವರ ಮುಂದೆ ಇಂಥ ನಿಯಮಗಳೆಲ್ಲ ಬಡವಾಗುತ್ತವೆ. 1913ರಲ್ಲಿ ಬ್ರಿಟನ್ನಿನ ಸ್ತ್ರೀ ಮತಾಧಿಕಾರ ಹೋರಾಟಗಾರ್ತಿಯರಲ್ಲಿ ಕೆಲವರು ಪ್ರಧಾನಿಗೆ ರಂಜಕವಿದ್ದ ಪತ್ರಗಳನ್ನು ಕಳುಹಿಸಿದರು. ಪ್ರಧಾನಿಗೆ ಏನೂ ಆಗಲಿಲ್ಲ. ಡಂಡಿ ನಗರದಲ್ಲಿ ಅಂಚೆ ವಿಂಗಡಿಸುತ್ತಿದ್ದ ನೌಕರರ ಕೈ ಸುಟ್ಟಿತು. 2001ರ ಶರತ್ಕಾಲದಲ್ಲಿ ಅಮೆರಿಕದಲ್ಲಿ ನಡೆದದ್ದು ಇದರ ಘೋರ ರೂಪ. ಪತ್ರಿಕಾ ಕಚೇರಿಗಳಿಗೂ ಸೆನೆಟರುಗಳಿಗೂ ಬರೆದ ಲಕೋಟೆಗಳಲ್ಲಿ ಆಂತ್ರಾಕ್ಸ್ ರೋಗದ ಪುಡಿಯಿತ್ತು. ಲಕೋಟೆಯ ಅಂಚುಗಳಿಗೆ ಟೇಪು ಅಂಟಿಸಲಾಗಿತ್ತು. ಆದರೆ ವಿಂಗಡಣೆಯ ಯಂತ್ರ ಪತ್ರಗಳನ್ನು ಒತ್ತಿ ಓಡಿಸುವಾಗ ಕಾಗದದ ಕಣ್ಣಿಗೆ ಕಾಣದ ರಂಧ್ರಗಳಿಂದಲೇ ಪುಡಿ ಹೊರಬಿತ್ತು. 22 ಮಂದಿಗೆ ಸೋಂಕು ತಗುಲಿ ಐವರು ಸತ್ತರು. ಯಾವ ಸೆನೆಟರೂ ಸಾಯಲಿಲ್ಲ. ಸತ್ತವರಲ್ಲಿ ಇಬ್ಬರು ವಾಷಿಂಗ್ಟನ್ನಿನ ಬ್ರೆಂಟ್‌ವುಡ್ ಅಂಚೆ ಕೇಂದ್ರದ ನೌಕರರು. ಸೆನೆಟ್ ಕಟ್ಟಡವನ್ನು ತೆರವು ಮಾಡಿಸಿದ ಮೇಲೂ ಆ ಕೇಂದ್ರದಲ್ಲಿ ಕೆಲವು ದಿನ ಕೆಲಸ ಎಂದಿನಂತೆ ನಡೆದಿತ್ತು. ಮುಚ್ಚಿದ ಕಾಗದದ ಲಕೋಟೆಯಿಂದ ಪುಡಿ ಸೋರದೆಂದು ಬಲ್ಲವರು ನಂಬಿದ್ದರು. ಮುಚ್ಚಿದ ಆ ಕೇಂದ್ರ ಮತ್ತೆ ತೆರೆದದ್ದು 2003ರ ಕೊನೆಯಲ್ಲಿ.

ರೋಗಾಣುವಿರುವ ಮಾದರಿಗಳಿಗೆ ಮೂರು ಸುತ್ತಿನ ಕಟ್ಟು ಏಕೆ ಬೇಕೆಂಬುದು ಇದರಿಂದ ತಿಳಿಯುತ್ತದೆ. ಒಳಗೆ ಸೋರದ ನಳಿಗೆ; ಅದರ ಸುತ್ತ, ನಳಿಗೆ ಒಡೆದರೆ ಒಳಗಿನ ದ್ರವವನ್ನೆಲ್ಲ ಹೀರುವಷ್ಟು ಹತ್ತಿ; ಅದಕ್ಕೆ ಸೋರದ ಎರಡನೆಯ ಡಬ್ಬಿ; ಹೊರಗೆ ಏಟು ತಡೆಯುವ ಪೆಟ್ಟಿಗೆ. ದ ಕಾರೋನ ಗಾಜು, ಮೇಣದುಂಡೆ, ಕಾಗದದ ಚೂರು ತುಂಬಿದ ಪೆಟ್ಟಿಗೆಗಳಿಗೂ ಇದಕ್ಕೂ ಇರುವ ಅಂತರ ಹೆಚ್ಚಿನದಲ್ಲ.

ವಿಮಾನ ಬಂದ ಮೇಲೆ ಅಪಾಯದ ಪಟ್ಟಿಯೇ ಬದಲಾಯಿತು. ನೆಲದ ಮೇಲೆ ಯಾರೂ ಗಮನಿಸದ ಸುಗಂಧದ್ರವ್ಯ, ಉಗುರಿನ ಬಣ್ಣ, ಬೆಂಕಿಪೊಟ್ಟಣಗಳು ಆಕಾಶದಲ್ಲಿ ಬೆಂಕಿಗೆ ಕಾರಣವಾಗಬಲ್ಲವು. ಲಿಥಿಯಂ ಬ್ಯಾಟರಿಯಂತೂ ತನ್ನೊಳಗಿನಿಂದಲೇ ಹೊತ್ತಿಕೊಳ್ಳುತ್ತದೆ. 2010ರ ಸೆಪ್ಟೆಂಬರಿನಲ್ಲಿ ಅಂಥ ಬ್ಯಾಟರಿಗಳಿದ್ದ ಸರಕು ವಿಮಾನವೊಂದು ದುಬೈ ಬಳಿ ಬೆಂಕಿಗೆ ಸಿಲುಕಿ ಬಿದ್ದು ಇಬ್ಬರು ಚಾಲಕರೂ ಸತ್ತರು. ಉಪಕರಣದೊಳಗೇ ಕೂರಿಸಿದ ಬ್ಯಾಟರಿಯನ್ನು ಮಿತಿಯೊಳಗೆ ಅಂತರರಾಷ್ಟ್ರೀಯ ಅಂಚೆಯಲ್ಲಿ ಒಪ್ಪಬಹುದೆಂದು ತೀರ್ಮಾನವಾದದ್ದು 2013ರಲ್ಲಿ. ಬಿಡಿ ಬ್ಯಾಟರಿಗೆ ಆ ವಿನಾಯಿತಿಯಿಲ್ಲ.

ಇನ್ನೊಂದು ಬಗೆಯ ನಿಷೇಧಕ್ಕೆ ಬೆಂಕಿಯೂ ಬೇಡ, ವಿಷವೂ ಬೇಡ. ಕನ್ನಡಿಗರ ಹಬ್ಬದ ಅಡುಗೆಯಲ್ಲಿ ಪಾಯಸವಾಗುವ ಗಸಗಸೆ ಅಫೀಮು ಗಿಡದ ಬೀಜ. ಸಿಂಗಪುರದಲ್ಲೂ ಸಂಯುಕ್ತ ಅರಬ್ ಎಮಿರೇಟ್ಸಿನಲ್ಲೂ ಅದು ನಿಷಿದ್ಧ ವಸ್ತು. ಮಗಳ ಬಾಣಂತನಕ್ಕೆಂದು ತಾಯಿ ಮೆಣಸು, ಶುಂಠಿಗಳ ಜೊತೆ ಒಂದು ಪೊಟ್ಟಣ ಗಸಗಸೆ ಸೇರಿಸಿ ದುಬೈಗೆ ಪಾರ್ಸೆಲ್ ಮಾಡಿದರೆ, ಅಲ್ಲಿನ ಸುಂಕದವನ ಕಣ್ಣಿಗೆ ಅದು ಮಾದಕದ್ರವ್ಯ. ತೊಂದರೆಗೆ ಸಿಕ್ಕುವುದು ಪಾರ್ಸೆಲ್ ಪಡೆದವರು. ವಿದೇಶಕ್ಕೆ ಹೋಗುವ ಕಟ್ಟಿನ ಮೇಲೆ ಒಳಗಿರುವುದನ್ನೆಲ್ಲ ಬಿಡಿಬಿಡಿಯಾಗಿ ಬರೆಯಬೇಕೆಂದು ಅಂಚೆ ಗುಮಾಸ್ತ ಪಟ್ಟು ಹಿಡಿಯುವುದು, ತಲುಪುವ ದೇಶದ ನಿಷಿದ್ಧ ವಸ್ತುಗಳ ಪಟ್ಟಿ ನೋಡಿಕೊಳ್ಳಿ ಎನ್ನುವುದು ಬರಿಯ ಕಿರುಕುಳವಲ್ಲ.

1898ರ ಕಾಯಿದೆ ಈಗಿಲ್ಲ. 2023ರಲ್ಲಿ ಸಂಸತ್ತು ಒಪ್ಪಿದ ಹೊಸ ಅಂಚೆ ಕಚೇರಿ ಕಾಯಿದೆ 2024ರ ಜೂನ್ 18ರಂದು ಜಾರಿಗೆ ಬಂತು. ಅದೇ ಇಲಾಖೆ 2018ರಿಂದೀಚೆಗೆ ಹೊಸದೊಂದು ಹೊರೆ ಹೊರುತ್ತಿದೆ. ಕ್ಷಯರೋಗದ ಶಂಕೆಯಿರುವವರ ಕಫವನ್ನು ಆರೋಗ್ಯ ಕೇಂದ್ರಗಳಿಂದ ದೂರದ ಪ್ರಯೋಗಶಾಲೆಗಳಿಗೆ ಒಯ್ಯುವ ಕೆಲಸ ಮೊದಲು ದೆಹಲಿಯಲ್ಲಿ, ಆಮೇಲೆ ಬೇರೆ ಕಡೆಗಳಲ್ಲಿ ಅಂಚೆಯವರ ಪಾಲಿಗೆ ಬಂತು. ನಳಿಗೆಯ ಮುಚ್ಚಳ ಬಿಗಿಯಾಗಿದೆಯೇ ಎಂದು ಕೇಂದ್ರದ ಸಿಬ್ಬಂದಿ ನೋಡಿ, ಮೂರು ಸುತ್ತು ಕಟ್ಟಿ, ಹೊರಗೆ ಗುರುತಿನ ಚೀಟಿ ಅಂಟಿಸಿ ಕೊಡುತ್ತಾರೆ. ಅಂಚೆಯವನು ಅದನ್ನು ಉಳಿದ ಕಾಗದಗಳ ಜೊತೆ ಒಯ್ಯುತ್ತಾನೆ.